ಓಡುವವನ ಮೇಲೆ ಗುಂಡು

1974ರ ಅಕ್ಟೋಬರ್ 3ರ ರಾತ್ರಿ. ಅಮೆರಿಕದ ಟೆನೆಸಿ ರಾಜ್ಯದ ಮೆಂಫಿಸ್ ನಗರದಲ್ಲಿ ಒಬ್ಬ ಹೆಂಗಸು ಗಾಜು ಒಡೆದ ಸದ್ದಾಯಿತೆಂದು ಪೊಲೀಸರಿಗೆ ಪಕ್ಕದ ಮನೆಯತ್ತ ಕೈ ತೋರಿಸಿದಳು. ಆ ಮನೆಯ ಹಿತ್ತಲಲ್ಲಿ, ಆರಡಿ ಎತ್ತರದ ತಂತಿಬೇಲಿಯ ಬುಡದಲ್ಲಿ ಹುಡುಗನೊಬ್ಬ ಮುದುಡಿ ಕೂತಿದ್ದ. ಪೊಲೀಸ್ ಅಧಿಕಾರಿ ಎಲ್ಟನ್ ಹೈಮನ್ ಟಾರ್ಚ್ ಬಿಟ್ಟು ನೋಡಿದರು. ಮುಖ ಕಂಡಿತು, ಕೈಗಳು ಕಂಡವು, ಆಯುಧ ಕಾಣಲಿಲ್ಲ. ನಿಲ್ಲೆಂದು ಕೂಗಿದರು. ಹುಡುಗ ಬೇಲಿ ಹತ್ತತೊಡಗಿದ. ಗುಂಡು ತಲೆಯ ಹಿಂಭಾಗಕ್ಕೆ ಬಿತ್ತು. ಅವನ ಹೆಸರು ಎಡ್ವರ್ಡ್ ಗಾರ್ನರ್, ವಯಸ್ಸು 15. ಕದ್ದದ್ದು ಒಂದು ಪರ್ಸು, ಹತ್ತು ಡಾಲರ್.

ಟೆನೆಸಿಯ ಆಗಿನ ಕಾಯ್ದೆಯ ಪ್ರಕಾರ ಇದು ತಪ್ಪೇ ಆಗಿರಲಿಲ್ಲ. ಎಚ್ಚರಿಸಿದ ಮೇಲೂ ಆರೋಪಿ ಓಡಿದರೆ ಅವನನ್ನು ಹಿಡಿಯಲು ಬೇಕಾದ ಯಾವ ಮಾರ್ಗವನ್ನಾದರೂ ಬಳಸಬಹುದಿತ್ತು. ಈ ನಿಯಮ ಇಂಗ್ಲೆಂಡಿನ ಹಳೆಯ ಕಾನೂನಿನಿಂದ ಬಂದದ್ದು. ಅಲ್ಲಿ ಆಗ ಹೆಚ್ಚುಕಡಿಮೆ ಎಲ್ಲ ಘೋರ ಅಪರಾಧಗಳಿಗೂ ನೇಣೇ ಗತಿ; ಹೇಗೂ ನೇಣಿಗೇರುವವನು ಓಡುವಾಗ ಸತ್ತರೇನು ಎಂಬ ತರ್ಕ. ಕಳ್ಳತನಕ್ಕೆ ನೇಣು ಹಾಕುವುದು ನಿಂತಿತು, ನಿಯಮ ಮಾತ್ರ ನಿಲ್ಲಲಿಲ್ಲ.

ಅಮೆರಿಕದ ದಕ್ಷಿಣದಲ್ಲಿ ಅದಕ್ಕೆ ಇನ್ನೊಂದು ಚರಿತ್ರೆ ಕೂಡಿಕೊಂಡಿತು. ಕೆರೊಲಿನಾದಲ್ಲಿ 1704ರಷ್ಟು ಹಿಂದೆಯೇ ಗುಲಾಮರ ಮೇಲೆ ಕಣ್ಣಿಡುವ ಗಸ್ತು ಪಡೆಗಳಿದ್ದವು; ಒಡೆಯನ ಚೀಟಿಯಿಲ್ಲದೆ ಹೊರಗೆ ಸಿಕ್ಕವರಿಗೆ ಚಾವಟಿಯೇಟು. ಮೆಂಫಿಸ್‌ನಲ್ಲೇ, ಗುಲಾಮಗಿರಿ ರದ್ದಾದ ಮರುವರ್ಷ, 1866ರ ಮೇ ಮೊದಲ ವಾರ ಬಿಳಿಯರ ಗುಂಪು ಕಪ್ಪು ಜನರ ಬೀದಿಗಳಿಗೆ ನುಗ್ಗಿ 46 ಮಂದಿಯನ್ನು ಕೊಂದಿತು, ಶಾಲೆ ಚರ್ಚುಗಳನ್ನು ಸುಟ್ಟಿತು. ಆ ಗುಂಪಿನಲ್ಲಿ ನಗರದ ಪೊಲೀಸರೂ ಇದ್ದರು. ಒಬ್ಬರಿಗೂ ಶಿಕ್ಷೆಯಾಗಲಿಲ್ಲ.

ಗಾರ್ನರ್‌ನ ತಂದೆ ಪಟ್ಟುಬಿಡದೆ ಕೋರ್ಟಿಗೆ ಹೋದರು. 1985ರ ಮಾರ್ಚ್ 27ರಂದು ಸುಪ್ರೀಂ ಕೋರ್ಟ್ 6–3ರ ಬಹುಮತದಲ್ಲಿ, ಯಾರಿಗೂ ಗಂಭೀರ ಅಪಾಯ ಒಡ್ಡದೆ ಓಡುತ್ತಿರುವವನನ್ನು ಕೊಲ್ಲುವಂತಿಲ್ಲ ಎಂದಿತು. ತೀರ್ಪು ಬರೆದವರು ನ್ಯಾಯಮೂರ್ತಿ ಬೈರನ್ ವೈಟ್. ದೊಡ್ಡ ತೀರ್ಪು, ಎಷ್ಟೋ ಜೀವ ಉಳಿಸಿದ ತೀರ್ಪು. ಆದರೆ ಅದರ ವಾದದಲ್ಲಿ ಬಣ್ಣದ ಮಾತೇ ಇಲ್ಲ. ಆ ವರ್ಷಗಳ ಮೆಂಫಿಸ್‌ನಲ್ಲಿ ಆಸ್ತಿ ಅಪರಾಧಗಳಿಗಾಗಿ ಬಂಧಿತರಾದವರಲ್ಲಿ ಕಪ್ಪು ಜನ ಶೇ. 70ರಷ್ಟು, ಅಂಥದೇ ಆರೋಪದಲ್ಲಿ ಪೊಲೀಸರು ಗುಂಡು ಹಾರಿಸಿದವರಲ್ಲಿ ಶೇ. 88ರಷ್ಟು. ಈ ಅಂತರಕ್ಕೆ ಉತ್ತರ ಕೊಡಬೇಕಾದವರು ಯಾರು?

ಹೈಮನ್ ಒಬ್ಬರೇ ಎನ್ನಲಾಗದು. ಗಾರ್ನರ್‌ನಂತೆ ಅವರೂ ಕಪ್ಪು ವರ್ಣೀಯರೇ. ತಾರತಮ್ಯವನ್ನು ಅಧಿಕಾರಿಯ ಮನದ ದ್ವೇಷದಲ್ಲಷ್ಟೇ ಹುಡುಕಿದರೆ ಅದು ಕೈಗೆ ಸಿಗುವುದಿಲ್ಲ. ಯಾವ ಬೀದಿಯಲ್ಲಿ ಗಸ್ತು ಹೆಚ್ಚು, ಯಾರು ಓಡಿದರೆ ಅಪಾಯಕಾರಿ ಎನಿಸುತ್ತಾನೆ ಎಂಬ ತಲೆಮಾರುಗಳ ರೂಢಿಯಲ್ಲಿ ಅದು ಬೇರೂರಿದೆ.

ಕಾನೂನು ಇದನ್ನು ನೋಡುವ ದಾರಿಯನ್ನು 1989ರಲ್ಲಿ ಇನ್ನಷ್ಟು ಕಿರಿದು ಮಾಡಿತು. ಷಾರ್ಲಟ್ ನಗರದ ಡೆಥಾರ್ನ್ ಗ್ರಹಾಂ ಎಂಬ ಕಪ್ಪು ವ್ಯಕ್ತಿ ಸಕ್ಕರೆ ಕಾಯಿಲೆಯವರು. ಕಿತ್ತಳೆ ರಸಕ್ಕೆಂದು ಅಂಗಡಿಗೆ ಹೋದವರು ಸಾಲು ಉದ್ದವಿದ್ದುದರಿಂದ ಬೇಗನೆ ಹೊರಬಂದರು. ಅಷ್ಟಕ್ಕೇ ಸಂಶಯ ಬಂದು ಪೊಲೀಸರು ತಡೆದರು; ಆ ಗಲಾಟೆಯಲ್ಲಿ ಅವರ ಪಾದದ ಮೂಳೆ ಮುರಿಯಿತು. ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಸ್ಥಳದಲ್ಲಿದ್ದ ವಿವೇಕಿ ಅಧಿಕಾರಿಗೆ ಆ ಬಲಪ್ರಯೋಗ ಸಮಂಜಸ ಎನಿಸುತ್ತಿತ್ತೇ ಎಂಬುದಷ್ಟೇ ಪ್ರಶ್ನೆ, ಅಧಿಕಾರಿಯ ಉದ್ದೇಶ ಲೆಕ್ಕಕ್ಕಿಲ್ಲ ಎಂದಿತು.

2023ರ ಜನವರಿ 7ರಂದು ಮತ್ತೆ ಮೆಂಫಿಸ್. 29ರ ಟೈರ್ ನಿಕೋಲ್ಸ್ ಅವರನ್ನು ಐವರು ಪೊಲೀಸರು ಬಡಿದರು; ಮೂರು ದಿನಗಳ ನಂತರ ಅವರು ತೀರಿಕೊಂಡರು. ಐವರೂ ಕಪ್ಪು ವರ್ಣೀಯರು. ನಗರದ ಪೊಲೀಸರು ಅತಿಯಾದ ಬಲ ಬಳಸುತ್ತಾರೆ, ಕಪ್ಪು ಜನರೊಂದಿಗೆ ತಾರತಮ್ಯದಿಂದ ನಡೆದುಕೊಳ್ಳುತ್ತಾರೆ ಎಂದು ಕೇಂದ್ರದ ನ್ಯಾಯ ಇಲಾಖೆ 2024ರ ಡಿಸೆಂಬರ್‌ನಲ್ಲಿ ವರದಿ ಕೊಟ್ಟಿತು. ಸರ್ಕಾರ ಬದಲಾಯಿತು. 2025ರ ಮೇನಲ್ಲಿ ಅದೇ ಇಲಾಖೆ ಆ ವರದಿಯ ನಿರ್ಣಯಗಳನ್ನು ಹಿಂತೆಗೆದುಕೊಂಡಿತು.