ಒಂದು ಸಾಲಿನ ಉತ್ತರ, 19 ವರ್ಷದ ಕಾಯುವಿಕೆ: ಸೈನಿಕರ ಡಿಸೆಬಿಲಿಟಿ ಪಿಂಚಣಿಯ ಹಿಂದಿನ ಕಥೆ

ನಮ್ಮ ಜಿಲ್ಲೆಯ ಒಂದು ಹಳ್ಳಿಯಲ್ಲಿ ಕಬ್ಬಿಣದ ಟ್ರಂಕ್ ಒಂದನ್ನು ನೋಡಿದೆವು. ಸೈನ್ಯ ಬಿಟ್ಟು ಬರುವಾಗ ತಂದದ್ದು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಬರೆದ ನಂಬರ್ ಇನ್ನೂ ಮಾಸಿಲ್ಲ. ಒಳಗೆ ಬಟ್ಟೆ ಇರಲಿಲ್ಲ, ಬರೀ ಕಾಗದ. ಊರವರು 'ಮಿಲ್ಟ್ರಿ ಕಾಕಾ' ಎಂದು ಕರೆಯುವ ಆ ಹಿರಿಯರು ಒಂದು ಪತ್ರ ತೆಗೆದು ಕೈಗಿಟ್ಟರು. ಇಂಗ್ಲಿಷಿನಲ್ಲಿದ್ದ ಆ ಪತ್ರದ ತಿರುಳು ಇಷ್ಟೇ: ನಿಮ್ಮ ಕಾಯಿಲೆ ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ.

"ಅಪೀಲು ಹಾಕೇನಿ. ಉತ್ತರ ಬರ್ತದ," ಅಂದರು.

ಆ ಒಂದು ಸಾಲು ಎಷ್ಟು ಜನರನ್ನು ಕಾಯಿಸಿದೆ ಎಂದು ನಾವು ಹಳೆಯ ತೀರ್ಪುಗಳಲ್ಲಿ ಹುಡುಕುತ್ತಾ ಹೋದೆವು.

ಗುಂಡೇಟು ಬಿದ್ದವರ ವಿಷಯದಲ್ಲಿ ವಾದ ಕಡಿಮೆ. ಗಾಯ ಕಣ್ಣಿಗೆ ಕಾಣುತ್ತದೆ. ಜಗಳ ಬರುವುದು ಬಿಪಿ, ಶುಗರ್, ಮಾನಸಿಕ ಕಾಯಿಲೆ, ಫಿಟ್ಸ್ ಇಂಥವುಗಳಲ್ಲಿ. ಕಾಯಿಲೆಗೂ ಸೇವೆಗೂ ಸಂಬಂಧ ಇರಬೇಕು, ವೈದ್ಯಕೀಯ ಮಂಡಳಿ ಹೇಳುವ ವೈಕಲ್ಯ ಶೇ 20ಕ್ಕಿಂತ ಕಡಿಮೆ ಇರಬಾರದು. 1961ರ ಸೇನಾ ಪಿಂಚಣಿ ನಿಯಮಾವಳಿ ಕೇಳುವುದು ಇವೆರಡನ್ನೇ.

ಸಂಬಂಧ ಇದೆ ಎಂದು ಸಾಬೀತು ಮಾಡಬೇಕಾದವರು ಯಾರು? 1982ರ ನಿಯಮಗಳು ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿದ್ದವು. ಭರ್ತಿಯಾಗುವಾಗ ಡಾಕ್ಟರು ನೋಡಿ 'ಫಿಟ್' ಎಂದು ಬರೆದಿದ್ದಾರೆ, ಕಾಯಿಲೆಯ ಮಾತೇ ಆ ದಾಖಲೆಯಲ್ಲಿಲ್ಲ ಎಂದಾದರೆ, ಆಮೇಲೆ ಬಂದದ್ದನ್ನು ಸಾಮಾನ್ಯವಾಗಿ ಸೇವೆಯಲ್ಲೇ ಬಂದದ್ದೆಂದು ತಿಳಿಯಬೇಕು. ಸಾಬೀತಿನ ಭಾರ ಸೈನಿಕನ ಮೇಲಿಲ್ಲ. ಅನುಮಾನ ಬಂದರೆ ಅದರ ಲಾಭವೂ ಅವನಿಗೇ. ಅಲ್ಲ ಎನ್ನುವುದಾದರೆ ಮಂಡಳಿ ಕಾರಣ ಬರೆಯಬೇಕು.

ಪುಸ್ತಕದಲ್ಲಿ ಇದ್ದದ್ದು ಹೀಗೆ. ಫೈಲಿನಲ್ಲಿ ನಡೆದದ್ದು ಬೇರೆ.

ಧರಮ್‌ವೀರ್ ಸಿಂಗ್ 1985ರಲ್ಲಿ ಸೈನ್ಯದ ಸಿಗ್ನಲ್ಸ್ ದಳಕ್ಕೆ ಸೇರಿದರು. ಆಗ ಆರೋಗ್ಯವಾಗಿದ್ದರು. ಸುಮಾರು 9 ವರ್ಷದ ಮೇಲೆ, 1994ರಲ್ಲಿ, ಮೂರ್ಛೆ ರೋಗವೆಂದು ಮನೆಗೆ ಕಳಿಸಿದರು. ವೈಕಲ್ಯ ಶೇ 20, ಅದೂ ಕಾಯಂ ಎಂದು ಮಂಡಳಿಯೇ ಬರೆಯಿತು. ಜೊತೆಗೆ, ಇದಕ್ಕೂ ಸೇವೆಗೂ ಸಂಬಂಧವಿಲ್ಲ ಎಂದೂ ಬರೆಯಿತು. ಯಾಕೆ ಇಲ್ಲ ಎಂಬುದಕ್ಕೆ ಕಾರಣ ಮಾತ್ರ ಇಲ್ಲ. ಅಲಹಾಬಾದಿನ ಪಿಂಚಣಿ ಕಚೇರಿ ಅರ್ಜಿ ತಿರಸ್ಕರಿಸಿತು. ಹೈಕೋರ್ಟಿನ ಒಬ್ಬ ನ್ಯಾಯಮೂರ್ತಿ ಅವರ ಪರ ತೀರ್ಪು ಕೊಟ್ಟರು, ವಿಭಾಗೀಯ ಪೀಠ ಅದನ್ನು ತಿರುಗಿಸಿತು. ಕೊನೆಗೆ 2013ರ ಜುಲೈ 2ರಂದು ಸುಪ್ರೀಂ ಕೋರ್ಟ್ ಹೇಳಿದ್ದು 1982ರ ನಿಯಮದಲ್ಲಿ ಇದ್ದದ್ದನ್ನೇ. 19 ವರ್ಷ ಹೋರಾಡಿ ಗೆದ್ದದ್ದು ಹೊಸ ಹಕ್ಕೇನಲ್ಲ ಎಂಬುದೇ ನಮಗೆ ಹೊಟ್ಟೆ ಉರಿಸಿದ ಸಂಗತಿ. ಹಣ ಕೊಡಲು ಸರ್ಕಾರಕ್ಕೆ ಕೋರ್ಟ್ ಕೊಟ್ಟ ಗಡುವು ಮೂರು ತಿಂಗಳು.

ಅಲ್ಲಿಗೂ ಮುಗಿಯಲಿಲ್ಲ. ಇಂಥದೇ ಕಾಯಿಲೆಗಳಿಂದ ಹೊರಬಿದ್ದು ಗೆದ್ದಿದ್ದ ಬೇರೆ ಸೈನಿಕರ ವಿರುದ್ಧ ಸರ್ಕಾರವೇ ಸುಪ್ರೀಂ ಕೋರ್ಟಿಗೆ ಹೋಯಿತು. 2015ರ ಫೆಬ್ರವರಿಯಲ್ಲಿ, ರಾಜ್‌ಬೀರ್ ಸಿಂಗ್ ಪ್ರಕರಣದಲ್ಲಿ, ಆ ಮೇಲ್ಮನವಿಗಳು ಬಿದ್ದುಹೋದವು.

ಹಣ ಎಷ್ಟು ಎಂದು ನೀವು ಕೇಳಬಹುದು. ಪೂರ್ತಿ 100 ವೈಕಲ್ಯಕ್ಕೆ ಕೊನೆಯ ಸಂಬಳದ ಶೇ 30 ಎಂದು ಲೆಕ್ಕ. ಸಂಬಳ 30,000 ರೂಪಾಯಿ ಎಂದಿಟ್ಟುಕೊಳ್ಳಿ. ಶೇ 20 ವೈಕಲ್ಯಕ್ಕೆ ತಿಂಗಳಿಗೆ 1,800 ಬರುತ್ತದೆ. ಆದರೆ ವೈಕಲ್ಯದಿಂದಾಗಿ ಹೊರಬಂದವರಿಗೆ 1996ರ ಜನವರಿ 1ರಿಂದ 50ಕ್ಕಿಂತ ಕಡಿಮೆ ಇರುವುದನ್ನು 50 ಎಂದೇ ಹಿಡಿಯುವ ಪದ್ಧತಿ ಬಂತು. ಆಗ ಅದೇ ಮನುಷ್ಯನಿಗೆ 4,500. ಅವಧಿ ಮುಗಿಸಿ ನಿವೃತ್ತರಾದವರಿಗೂ ಇದು ಸಲ್ಲಬೇಕೆಂದು 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ತೀರ್ಪಾಯಿತು. 2023ರ ಸೆಪ್ಟೆಂಬರ್ 21ರಿಂದ ಬೇರೆ ನಿಯಮಗಳಿವೆ. ಈಚೆಗೆ ಸೈನ್ಯ ಬಿಟ್ಟವರು ಅವನ್ನೇ ನೋಡಬೇಕು.

ಕಾಕಾ ಅವರ ಮುಂದೆ ಹೇಳಲು ನಮಗೆ ಕಷ್ಟವಾದ ಪ್ರಕರಣ ಇನ್ನೊಂದು. ತರಸೇಮ್ ಸಿಂಗ್ 1983ರಲ್ಲಿ ಸೈನ್ಯದಿಂದ ಹೊರಬಂದರು. ಕೋರ್ಟಿಗೆ ಹೋದದ್ದು 1999ರಲ್ಲಿ. ಪಿಂಚಣಿ ಸಿಕ್ಕಿತು. ಆದರೆ ಹಿಂಬಾಕಿ ಅಷ್ಟೂ ವರ್ಷದ್ದಲ್ಲ, ಅರ್ಜಿಯ ಹಿಂದಿನ ಮೂರು ವರ್ಷದ್ದು ಸಾಕು ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ತೀರ್ಪು ಬರೆದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಹಿಂದೆ ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ಇದ್ದವರು. ಮನೆಯಲ್ಲಿ ಸುಮ್ಮನೆ ಕೂತ ವರ್ಷಗಳ ದುಡ್ಡು ಹೋಯಿತು.

ಕಾಕಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಂಗಾರ ಅವರ ಉತ್ತರ ಬರೋತನಕ ನಾ ಏನು ಮಾಡ್ಲಿ?" ಅಂದರು.

ಇದಕ್ಕೆ 2007ರ ಕಾಯ್ದೆಯಲ್ಲಿ ಉತ್ತರವಿದೆ. ಅದರಿಂದ ಹುಟ್ಟಿದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ 2009ರಲ್ಲಿ ಕೆಲಸ ಶುರು ಮಾಡಿತು. ನಮ್ಮ ರಾಜ್ಯದಲ್ಲಿ ಅದರ ಕಾಯಂ ಪೀಠವಿಲ್ಲ, ಆ ಮಾತು ಬೇರೆ. ಅಪೀಲು ಕೊಟ್ಟು ಆರು ತಿಂಗಳಾದರೂ ತೀರ್ಮಾನ ಬರದಿದ್ದರೆ ಮತ್ತೆ ಕಾಯಬೇಕಿಲ್ಲ, ನೇರ ನ್ಯಾಯಮಂಡಳಿಗೆ ಹೋಗಬಹುದು. ಆ ಆರು ತಿಂಗಳು ಮುಗಿದ ಮೇಲೆ ಒಂದು ವರ್ಷದ ಗಡುವು. ಅದೂ ದಾಟಿದ್ದರೆ ತಡವಾದದ್ದಕ್ಕೆ ಕಾರಣ ಕೊಡಬೇಕು.

ಅಪೀಲು ಕಳಿಸಿದ ರಿಜಿಸ್ಟರ್ ಪೋಸ್ಟಿನ ರಸೀದಿ ಇದೆಯೇ ಎಂದು ಕೇಳಿದೆವು. ಟ್ರಂಕಿನ ತಳದಲ್ಲಿ, ಪ್ಲಾಸ್ಟಿಕ್ ಚೀಟಿನೊಳಗೆ ಇತ್ತು. ಅಂಚೆ ಕಚೇರಿಯ ಆ ನುಣುಪು ಕಾಗದದಲ್ಲಿ ಅಕ್ಷರ ಬೇಗ ಮಾಸುತ್ತದೆ, ಪಡೆದ ದಿನವೇ ಝೆರಾಕ್ಸ್ ಮಾಡಿಸಿಡಬೇಕು. ಬಾಗಿಲ ಬೆಳಕಿಗೆ ಓರೆ ಹಿಡಿದು ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿದೆವು. ತಾರೀಕು ಕಂಡಿತು. ಹನ್ನೊಂದು ತಿಂಗಳಾಗಿತ್ತು.