ಬೂದಿ, ಉಪ್ಪು ಮತ್ತು ಒಂದು ಸೋಪಿನ ಕಥೆ

"ಏನೋ ಇದು, ಅಂಬಲಿ ಕಾಯಿಸ್ತಿದ್ದೀಯಾ?"

ಹಾಸನದ ಹತ್ತಿರದ ನಮ್ಮೂರಿನ ಹಿತ್ತಲಲ್ಲಿ ನಾನು ಮೂರು ಗಂಟೆಯಿಂದ ಸೌದೆ ಊದಿ ಊದಿ ಸುಸ್ತಾಗಿದ್ದಾಗ ಅಜ್ಜಿ ಬಂದು ಕೇಳಿದ್ದು ಹೀಗೆ. ನಾನು ಕಾಯಿಸುತ್ತಿದ್ದದ್ದು ಸೋಪು! ದಿನವಿಡೀ ಕೋಡ್ ಬರೆಯುವವನಿಗೆ ಕೈಯಲ್ಲಿ ಹಿಡಿಯುವಂಥದ್ದು ಏನಾದರೂ ಮಾಡಬೇಕೆಂಬ ಚಪಲ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕಾಸ್ಟಿಕ್ ಸೋಡಾ ತಂದು ನಾಲ್ಕಾರು ಸಲ ಸೋಪು ಮಾಡಿದ್ದೆ, ಚೆನ್ನಾಗೇ ಬಂದಿತ್ತು. ಈ ಸಲ ಅಂಗಡಿಯದ್ದೇನೂ ಬೇಡ, ಹಳೇ ಕಾಲದವರ ಹಾಗೆ ಬೂದಿಯಿಂದಲೇ ಮಾಡೋಣ ಅಂತ ಹೊರಟಿದ್ದೆ.

ಬಚ್ಚಲೊಲೆಯ ಬೂದಿಯನ್ನು ತೂತಿನ ಮಡಕೆಗೆ ತುಂಬಿ, ಅಡಿಗೆ ಬಟ್ಟೆ ಹಾಸಿ, ನೀರು ಹನಿಸಿದೆ. ಇಳಿದ ಕಂದು ನೀರನ್ನು ಮೊಟ್ಟೆ ತೇಲುವಷ್ಟು ಗಟ್ಟಿಯಾಗಿ ಕಾಯಿಸಿ ಕೊಬ್ಬರಿ ಎಣ್ಣೆ ಬೆರೆಸಿದೆ. ಸಂಜೆ ಹೊತ್ತಿಗೆ ನೊರೆ ಬಂತು, ಜಿಡ್ಡು ಹೋಯಿತು, ಎಲ್ಲಾ ಸರಿ. ಆದರೆ ಗಟ್ಟಿಯಾಗಲೇ ಇಲ್ಲ. ಮರುದಿನವೂ ಅಂಬಲಿ, ಮೂರನೇ ದಿನವೂ ಅಂಬಲಿ.

ಕಾರಣ ಆಮೇಲೆ ತಿಳಿಯಿತು. ಸೌದೆ ಬೂದಿಯಲ್ಲಿರುವುದು ಹೆಚ್ಚಾಗಿ ಪೊಟ್ಯಾಸಿಯಂ ಕ್ಷಾರ. ಅದರಿಂದ ಮೆತ್ತನೆಯ ಸೋಪೇ ಆಗುವುದು. ಬಿಲ್ಲೆಯಾಗಿ ನಿಲ್ಲಬೇಕಾದರೆ ಸೋಡಿಯಂ ಬೇಕು. ನನ್ನ ಮಡಕೆಯಲ್ಲಿದ್ದ ಈ ಸಣ್ಣ ವ್ಯತ್ಯಾಸದ ಹಿಂದೆ ದೊಡ್ಡ ಇತಿಹಾಸವೇ ಇದೆ ನೋಡಿ.

ಸೋಪು ಅನ್ನುವ ಪದ ರೋಮಿನ ಸಾಪೋ ಎಂಬ ಬೆಟ್ಟದಿಂದ ಬಂತು, ಅಲ್ಲಿ ಬಲಿ ಕೊಟ್ಟ ಪ್ರಾಣಿಗಳ ಕೊಬ್ಬು, ಬೂದಿ ಸೇರಿ ಹೊಳೆಗಿಳಿಯುತ್ತಿತ್ತು ಅಂತ ಎಲ್ಲಾ ಕಡೆ ಓದುತ್ತೀರಿ. ನಂಬಬೇಡಿ, ಅದು ಬರೀ ಕಥೆ. ಮೊದಲ ಶತಮಾನದ ರೋಮನ್ ಲೇಖಕ ಪ್ಲಿನಿ 'ಸಾಪೋ' ಪದ ಬಳಸಿದ್ದು ನಿಜ. ಆದರೆ ಅವನು ಹೇಳಿದ್ದು ಗಾಲ್ ಜನ ಕೊಬ್ಬು ಮತ್ತು ಬೂದಿಯಿಂದ ಮಾಡಿ ಕೂದಲಿಗೆ ಹಚ್ಚುತ್ತಿದ್ದ ವಸ್ತುವಿನ ಬಗ್ಗೆ. ನಮ್ಮಲ್ಲೂ ಬೂದಿಯ ವಿದ್ಯೆಗೆ ಕೊರತೆ ಇರಲಿಲ್ಲ. ಸುಶ್ರುತ ಸಂಹಿತೆಯಲ್ಲಿ ಬೂದಿಯಿಂದ ಕ್ಷಾರ ತೆಗೆಯುವುದಕ್ಕೇ ಒಂದು ಅಧ್ಯಾಯವಿದೆ, ಆದರೆ ಅದು ಚಿಕಿತ್ಸೆಗೆ. ಅಗಸರು ಸೌಳು ಹಾಕಿ ಬಟ್ಟೆಯನ್ನು ಉಬ್ಬೆಗೆ ಇಡುತ್ತಿದ್ದರು. ಮೈಗೆ ಕಡಲೆಹಿಟ್ಟು, ತಲೆಗೆ ಸೀಗೆಕಾಯಿ, ಅಂಟುವಾಳ. ಎಣ್ಣೆಯೂ ಇತ್ತು, ಕ್ಷಾರವೂ ಇತ್ತು. ನಮ್ಮಜ್ಜಿಯ ಮನೆಯಲ್ಲಿ ಮಾತ್ರ ಅವೆರಡೂ ಒಂದೇ ಪಾತ್ರೆಗೆ ಬಿದ್ದಿರಲಿಲ್ಲ :-)

ಯುರೋಪಿನಲ್ಲಿ ಗಟ್ಟಿ ಸೋಪಿಗೆ ಬೇಕಾದ ಸೋಡಾ ಬರುತ್ತಿದ್ದದ್ದು ಸ್ಪೇನಿನ ಉಪ್ಪು ನೆಲದ ಗಿಡಗಳನ್ನು ಸುಟ್ಟ ಬೂದಿಯಿಂದ. ಅದು ಸಾಲದಾಯಿತು. ಉಪ್ಪಿನಿಂದಲೇ ಸೋಡಾ ಮಾಡಿದವರಿಗೆ ಬಹುಮಾನ ಅಂತ ಫ್ರಾನ್ಸಿನ ವಿಜ್ಞಾನ ಅಕಾಡೆಮಿ ಸಾರಿತು. ನಿಕೊಲಸ್ ಲೆಬ್ಲಾಂಕ್ ಎಂಬ ವೈದ್ಯ ಅದನ್ನು ಸಾಧಿಸಿದ. ಉಪ್ಪಿಗೆ ಗಂಧಕಾಮ್ಲ ಸೇರಿಸಿ, ಬಂದದ್ದನ್ನು ಕಲ್ಲಿದ್ದಲು, ಸುಣ್ಣಕಲ್ಲಿನ ಜೊತೆ ಸುಡುವುದು. 1791ರಲ್ಲಿ ಪೇಟೆಂಟೂ ಸಿಕ್ಕಿತು. ಆದರೆ ಅಷ್ಟರಲ್ಲಿ ಕ್ರಾಂತಿ! ಅವನಿಗೆ ಬಂಡವಾಳ ಹಾಕಿದ್ದ ಓರ್ಲಿಯನ್ಸಿನ ಡ್ಯೂಕನ ತಲೆ 1793ರಲ್ಲಿ ಗಿಲೊಟಿನ್ನಿಗೆ ಹೋಯಿತು, ಕಾರ್ಖಾನೆ ಸರ್ಕಾರದ ಪಾಲಾಯಿತು. ಬಹುಮಾನ ಕೊನೆಗೂ ಕೈಗೆ ಬರಲಿಲ್ಲ. 1806ರಲ್ಲಿ ಲೆಬ್ಲಾಂಕ್ ಆತ್ಮಹತ್ಯೆ ಮಾಡಿಕೊಂಡ.

ಅವನ ವಿಧಾನ ಮಾತ್ರ ಬದುಕಿತು. ಬ್ರಿಟನ್ನಿನಲ್ಲಿ ಸೋಡಾ ಕಾರ್ಖಾನೆಗಳು ಎಷ್ಟು ಆಮ್ಲದ ಹೊಗೆ ಉಗುಳಿದವೆಂದರೆ ಅದನ್ನು ತಡೆಯಲು 1863ರಲ್ಲಿ ಕಾನೂನೇ ಬಂತು. 1853ರಲ್ಲಿ ಅಲ್ಲಿ ಸೋಪಿನ ತೆರಿಗೆಯೂ ರದ್ದಾಗಿತ್ತು. ಸಾಹುಕಾರರ ಸೋಪು ಬಡವರ ಮನೆಗೂ ಬಂದದ್ದು ಹೀಗೆ. ಒಬ್ಬ ಸೋತ ಎಂಜಿನಿಯರಿನ ಕಥೆಯಂತೆ ಓದಿಕೊಂಡೆ, ಯಾಕೋ ಮನಸ್ಸು ಭಾರವಾಯಿತು.

ನಮ್ಮ ಸೋಪಿನ ಕಥೆಗೂ ಯುದ್ಧವೇ ಕಾರಣ. ಮೈಸೂರು ಸಂಸ್ಥಾನದ ಗಂಧದ ಮರ ವಿದೇಶಕ್ಕೆ, ಮುಖ್ಯವಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಯುದ್ಧ ಶುರುವಾಗಿ ರಫ್ತು ನಿಂತು ಮರ ರಾಶಿ ಬಿತ್ತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯನವರ ಕಾಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ, ವಾಟ್ಸನ್ ಎಂಬ ವಿಜ್ಞಾನಿಗಳ ನೆರವಿನಿಂದ ಎಣ್ಣೆ ಇಲ್ಲೇ ತಯಾರಾಯಿತು. 1918ರ ಹೊತ್ತಿಗೆ ಸೋಪೂ ಬಂತು. ಇಂಗ್ಲೆಂಡಿನಲ್ಲಿ ಕಲಿತು ಬಂದು ಅದನ್ನು ರೂಪಿಸಿದ ಗರಳಪುರಿ ಶಾಸ್ತ್ರಿಗಳನ್ನು ಜನ 'ಸೋಪು ಶಾಸ್ತ್ರಿ' ಅಂತಲೇ ಕರೆದರು. ಯಶವಂತಪುರದ ಕಡೆ ಮೆಟ್ರೋದಲ್ಲಿ ಹೋಗುವಾಗ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಅಂತ ನಿಲ್ದಾಣದ ಹೆಸರು ಕೂಗಿದಾಗಲೆಲ್ಲ ಈಗ ನನಗೆ ಇವರೇ ನೆನಪಾಗುತ್ತಾರೆ.

ಮಾಡಿ ನೋಡುವವರಿಗೆ ನನ್ನ ಲೆಕ್ಕ: 500 ಗ್ರಾಂ ಕೊಬ್ಬರಿ ಎಣ್ಣೆಗೆ 87 ಗ್ರಾಂ ಕಾಸ್ಟಿಕ್ ಸೋಡಾ, 180 ಗ್ರಾಂ ನೀರು. ಚಮಚದ ಅಳತೆ ಬೇಡ, ತೂಕವೇ ಬೇಕು. ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾಕ್ಕಲ್ಲ. ಅಲ್ಯೂಮಿನಿಯಂ ಪಾತ್ರೆ ಮುಟ್ಟಲೇಬೇಡಿ, ಸ್ಟೀಲಿನದ್ದೇ ಆಗಬೇಕು. ಕೈಗವಸು, ಕನ್ನಡಕ ಕಡ್ಡಾಯ. ನನ್ನ ಮುಂಗೈ ಮೇಲೆ ಒಂದು ಕಲೆ ಸಾಕ್ಷಿಗಿದೆ. ಬಿಲ್ಲೆ ಕತ್ತರಿಸಿದ ಮೇಲೆ ನಾಲ್ಕು ವಾರ ಒಣಗಲಿ.

ಹೊರಡುವ ದಿನ ಬೆಂಗಳೂರಿನಿಂದ ತಂದಿದ್ದ ನನ್ನ ಸೋಪಿನ ಬಿಲ್ಲೆಯೊಂದನ್ನು ಅಜ್ಜಿಗೆ ಕೊಟ್ಟೆ. ಮೂಸಿ ನೋಡಿದರು. "ನನ್ನ ಮದುವೇಲಿ ಯಾರೋ ಒಂದು ಗಂಧದ ಸೋಪು ಕೊಟ್ಟಿದ್ರು ಕಣೋ. ಮೈಗೆ ಹಚ್ಚೋಕೆ ಮನಸ್ಸೇ ಬರ್ಲಿಲ್ಲ, ಸೀರೆ ಮಧ್ಯ ಇಟ್ಟಿದ್ದೆ" ಅಂದರು. ನನ್ನದನ್ನೂ ತೆಗೆದುಕೊಂಡು ಹೋಗಿ ಟ್ರಂಕಿನಲ್ಲಿಟ್ಟರು. ಅದಕ್ಕೆ ಪರಿಮಳವೇ ಇಲ್ಲ ಅಜ್ಜಿ ಅಂದರೆ ಕೇಳಬೇಕಲ್ಲ!

ಬೂದಿನೀರು ಎಷ್ಟು ಹೊತ್ತು ಇಳಿಸಬೇಕು, ಯಾವ ಮರದ ಬೂದಿ ಒಳ್ಳೆಯದು ಅಂತ ಅಜ್ಜಿಗೆ ಇನ್ನೂ ಗೊತ್ತು. ಅಮ್ಮನನ್ನು ಕೇಳಿದರೆ "ನಂಗೇನು ಗೊತ್ತೋ" ಅಂತಾರೆ. ಅಜ್ಜಿಗೀಗ ಎಂಬತ್ತಾರು. ಮುಂದಿನ ಸಲ ಊರಿಗೆ ಹೋದಾಗ ಅದನ್ನೆಲ್ಲ ಕೂತು ಬರೆದುಕೊಳ್ಳಬೇಕು. ನಿಮ್ಮ ಮನೆಗಳಲ್ಲಿ ಬಟ್ಟೆಗೆ, ಪಾತ್ರೆಗೆ, ಮೈಗೆ ಏನು ಬಳಸುತ್ತಿದ್ದರು? ಹೇಳುವವರು ಇರುವಾಗಲೇ ಕೇಳಿಟ್ಟುಕೊಳ್ಳಿ, ನನಗೂ ತಿಳಿಸಿ.