ಎಂಟೇ ಹುಡುಗಿಯರು ಗೆದ್ದ ಕಪ್

ಅಮೆರಿಕದ ಫಿಲಡೆಲ್ಫಿಯಾಕ್ಕೆ ಹತ್ತಿರದಲ್ಲಿರುವ ಇಮ್ಯಾಕ್ಯುಲೇಟಾ ಕಾಲೇಜಿಗೆ 1971ರಲ್ಲಿ ಬಾಸ್ಕೆಟ್‌ಬಾಲ್ ಆಡಲು ಸ್ವಂತ ಅಂಕಣವೇ ಇರಲಿಲ್ಲ. ಇದ್ದ ಕ್ರೀಡಾಭವನ 1967ರಲ್ಲಿ ಸುಟ್ಟುಹೋಗಿತ್ತು. ಕ್ಯಾಥೊಲಿಕ್ ಸಿಸ್ಟರುಗಳು ನಡೆಸುತ್ತಿದ್ದ ಸಣ್ಣ ಮಹಿಳಾ ಕಾಲೇಜು ಅದು. ಹುಡುಗಿಯರು ಅಭ್ಯಾಸಕ್ಕೆ ಕಾನ್ವೆಂಟಿನ ವ್ಯಾಯಾಮಶಾಲೆಗೆ ಹೋಗುತ್ತಿದ್ದರು. ಕೋಚ್ ಕ್ಯಾಥಿ ರಶ್ ಅವರಿಗೆ ಇಪ್ಪತ್ತರ ಹರೆಯ. ಕೆಲಸಕ್ಕೆ ಸೇರುವಾಗ ಇಡೀ ಋತುವಿಗೆ ಗೊತ್ತಾದ ಸಂಬಳ 450 ಡಾಲರ್.

ಅವರ ಆಟದ ಉಡುಪನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಬೇಕು. ದುಂಡು ಕಾಲರಿನ ರವಿಕೆ, ಅದರ ಮೇಲೆ ಅಗಲ ನೆರಿಗೆಯ ಉಣ್ಣೆಯ ಅಂಗಿ, ನಡುವಿಗೊಂದು ಪಟ್ಟಿ, ಒಳಗೆ ಸಡಿಲ ಚಡ್ಡಿ. ಓಡಿ ಬೆವರುವ ಹುಡುಗಿಗಿಂತ ಮರ್ಯಾದೆಯಿಂದ ನಿಂತ ಹುಡುಗಿಗೆ ಒಪ್ಪುವ ಬಟ್ಟೆ ಅದು.

ಆಟದ ನಿಯಮಗಳೂ ಅದೇ ಮನಸ್ಸಿನಿಂದ ಹುಟ್ಟಿದ್ದವು. 1892ರಲ್ಲಿ ಸ್ಮಿತ್ ಕಾಲೇಜಿನಲ್ಲಿ ಹುಡುಗಿಯರಿಗೆ ಈ ಆಟ ಕಲಿಸಿದ ಸೆಂಡಾ ಬೆರೆನ್ಸನ್ ಅಂಕಣವನ್ನು ಮೂರು ಪಾಲು ಮಾಡಿದ್ದರು. ಆಟಗಾರ್ತಿ ತನ್ನ ಪಾಲಿನ ಗೆರೆ ದಾಟುವಂತಿರಲಿಲ್ಲ. ಹೆಣ್ಣಿನ ದೇಹ ಹೆಚ್ಚು ಓಟ ತಾಳದು ಎಂಬ ನಂಬಿಕೆ ಆ ಕಾಲದ್ದು. ಮುಂದೆ ಗೆರೆಗಳು ಒಂದೊಂದಾಗಿ ಅಳಿಸಿಹೋದವು. ಐವರ ತಂಡ ಅಂಕಣದ ಉದ್ದಗಲಕ್ಕೂ ಓಡಿ ಆಡುವ ನಿಯಮ ಮಹಿಳೆಯರಿಗೆ ಅಧಿಕೃತವಾಗಿ ಸಿಕ್ಕಿದ್ದು 1971ರಲ್ಲಿ.

ಹೊಸ ನಿಯಮದ ಆ ಮೊದಲ ಋತುವಿನಲ್ಲೇ ಕಾಲೇಜು ಮಹಿಳೆಯರಿಗೆ ರಾಷ್ಟ್ರೀಯ ಚಾಂಪಿಯನ್‌ಷಿಪ್ ಕೂಡ ಬಂತು. ಆಟಗಾರ್ತಿ ಥೆರೆಸಾ ಶ್ಯಾಂಕ್ ಇಮ್ಯಾಕ್ಯುಲೇಟಾದ ಬಲ. ಆದರೆ ಪ್ರಾದೇಶಿಕ ಫೈನಲ್‌ನಲ್ಲಿ ನೆರೆಯ ವೆಸ್ಟ್ ಚೆಸ್ಟರ್ ತಂಡ ಇವರನ್ನು 32 ಅಂಕಗಳಿಂದ ಬಗ್ಗುಬಡಿಯಿತು. ಹಾಗಿದ್ದೂ ರಾಷ್ಟ್ರೀಯ ಪಂದ್ಯಾವಳಿಯ ಹದಿನಾರು ತಂಡಗಳ ಪಟ್ಟಿಯಲ್ಲಿ ಹದಿನೈದನೆಯ ಜಾಗ ಸಿಕ್ಕಿತು.

ಪಂದ್ಯಾವಳಿ ನಡೆಯಲಿದ್ದ ಇಲಿನಾಯ್ ರಾಜ್ಯದ ನಾರ್ಮಲ್ ಪಟ್ಟಣಕ್ಕೆ ಹೋಗಲು ದುಡ್ಡಿರಲಿಲ್ಲ. ಹುಡುಗಿಯರು ಟೂತ್‌ಬ್ರಷ್ ಮಾರಿ ಹಣ ಕೂಡಿಸಿದರು. ಎಷ್ಟು ಕೂಡಿಸಿದರೂ ಸಾಕಾಗಿದ್ದು ಎಂಟು ಆಟಗಾರ್ತಿಯರ ಪ್ರಯಾಣಕ್ಕೆ; ಉಳಿದವರು ಮನೆಯಲ್ಲೇ ಉಳಿದರು. ಹೋದವರದ್ದು ಸ್ಟ್ಯಾಂಡ್‌ಬೈ ಟಿಕೆಟ್, ವಿಮಾನದಲ್ಲಿ ಸೀಟು ಮಿಕ್ಕರೆ ಉಂಟು.

1972ರ ಮಾರ್ಚ್‌ನ ಆ ಪಂದ್ಯಾವಳಿಯಲ್ಲಿ ಎಂಟೇ ಜನ ಒಂದಾದ ಮೇಲೊಂದು ಪಂದ್ಯ ಗೆದ್ದು ಫೈನಲ್ ಮುಟ್ಟಿದರು. ಎದುರಿಗೆ ನಿಂತದ್ದು ಅದೇ ವೆಸ್ಟ್ ಚೆಸ್ಟರ್! ಈ ಸಲ ಇಮ್ಯಾಕ್ಯುಲೇಟಾ 52-48ರಿಂದ ಗೆದ್ದಿತು. 1973, 1974ರಲ್ಲೂ ಕಪ್ ಇವರದೇ.

ಈ ತಂಡದ ಪಂದ್ಯಕ್ಕೆ ಬಂದವರು ಮೊದಲು ಕೇಳುತ್ತಿದ್ದುದು ಬಕೆಟ್ ಸದ್ದು. ನಿಲುವಂಗಿ ತೊಟ್ಟ ಸಿಸ್ಟರುಗಳು ಗ್ಯಾಲರಿಯಲ್ಲಿ ಕೂತು ತಗಡಿನ ಬಕೆಟ್‌ಗಳನ್ನು ಮರದ ಕೋಲಿನಿಂದ ಬಡಿಯುತ್ತಿದ್ದರು. 1975ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಕಾಲೇಜು ಮಹಿಳೆಯರ ಮೊದಲ ಪಂದ್ಯ ನಡೆದಾಗ ಕ್ವೀನ್ಸ್ ಕಾಲೇಜಿನ ಎದುರು ಆಡಿದ್ದು ಇದೇ ತಂಡ. ಸೇರಿದ ಜನ ಸುಮಾರು 12,000.

ಮೊದಲ ಕಪ್ ಗೆದ್ದ ಮೂರು ತಿಂಗಳಿಗೆ, 1972ರ ಜೂನ್ 23ರಂದು, ಸರ್ಕಾರದ ನೆರವು ಪಡೆಯುವ ಶಿಕ್ಷಣದಲ್ಲಿ ಲಿಂಗಭೇದವನ್ನು ನಿಷೇಧಿಸುವ ‘ಟೈಟಲ್ ನೈನ್’ ಕಾನೂನಿಗೆ ಸಹಿ ಬಿತ್ತು. ಕ್ರಮೇಣ ದೊಡ್ಡ ವಿಶ್ವವಿದ್ಯಾಲಯಗಳು ಆಟಗಾರ್ತಿಯರಿಗೆ ವಿದ್ಯಾರ್ಥಿವೇತನ ಕೊಡತೊಡಗಿದವು. ಸಾವಿರಾರು ಹುಡುಗಿಯರಿಗೆ ಬಾಗಿಲು ತೆರೆದ ಆ ನ್ಯಾಯದ ಓಟದಲ್ಲಿ ಟೂತ್‌ಬ್ರಷ್ ಮಾರಿ ಬಂದ ಪುಟ್ಟ ಕಾಲೇಜು ಹಿಂದುಳಿಯಿತು. 1977ರಲ್ಲಿ ರಶ್ ತಂಡ ಬಿಟ್ಟರು.

ಆದರೆ ಅವರ ಹುಡುಗಿಯರು ಆ ದೊಡ್ಡ ವಿಶ್ವವಿದ್ಯಾಲಯಗಳಿಗೇ ಕೋಚ್‌ಗಳಾಗಿ ಹೋದರು. ಮೇರಿಯಾನ್ ಸ್ಟ್ಯಾನ್ಲಿ ಓಲ್ಡ್ ಡೊಮಿನಿಯನ್‌ಗೆ ಮೂರು ರಾಷ್ಟ್ರೀಯ ಕಪ್ ತಂದುಕೊಟ್ಟರು. ಮದುವೆಯ ನಂತರ ಥೆರೆಸಾ ಗ್ರೆಂಟ್ಸ್ ಆದ ಶ್ಯಾಂಕ್ 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಮಹಿಳಾ ತಂಡದ ಕೋಚ್ ಆಗಿದ್ದರು.